ಆರು ದಿನ, ಇಬ್ಬರು ಪುಟ್ಟ ಮಕ್ಕಳು, ಅಂಡಮಾನ್: ಎಷ್ಟು ದ್ವೀಪ ಸಾಕು?

ಪ್ರಶ್ನೆ: ನಾವು ದಾವಣಗೆರೆಯವರು. ಮಗಳಿಗೆ ಐದು ವರ್ಷ, ಯುಕೆಜಿ. ಮಗನಿಗೆ ಜನವರಿ ಕೊನೆಗೆ ಎರಡು ತುಂಬುತ್ತದೆ. ಅತ್ತೆಯವರೂ ಬರುತ್ತಾರೆ, ಅವರಿಗೆ ಮಂಡಿ ನೋವಿದೆ. ಬೆಂಗಳೂರಿನಿಂದ ಅಂಡಮಾನ್‌ಗೆ ಐದು ರಾತ್ರಿ, ಆರು ಹಗಲಿನ ಪ್ಯಾಕೇಜ್ ಕೇಳಿದ್ದೇವೆ. ಏಜೆಂಟರು ಕೊಟ್ಟ ಪಟ್ಟಿ ಹೀಗಿದೆ: ಮೊದಲ ದಿನ ಪೋರ್ಟ್‌ಬ್ಲೇರ್, ಎರಡನೇ ದಿನ ಬಾರಾಟಾಂಗ್ ಹೋಗಿಬರುವುದು, ಮೂರನೇ ದಿನ ಹ್ಯಾವ್‌ಲಾಕ್, ನಾಲ್ಕನೇ ದಿನ ನೀಲ್, ಐದನೇ ದಿನ ವಾಪಸ್ ಪೋರ್ಟ್‌ಬ್ಲೇರ್, ಆರನೇ ದಿನ ವಿಮಾನ. ಮಗನಿಗೆ ಎರಡು ತುಂಬುವ ಮೊದಲೇ, ಡಿಸೆಂಬರ್ ರಜೆಯಲ್ಲಿ ಹೋದರೆ ಒಂದು ಟಿಕೆಟ್ ಉಳಿಯುತ್ತದೆ ಅಂತ ನಮ್ಮ ಯಜಮಾನರ ಲೆಕ್ಕ. ಅವರಿಗೆ ಸ್ಕೂಬಾ ಮಾಡುವ ಆಸೆ. ನನ್ನ ತಾಯಿ ಮಾತ್ರ, "ಕೂಸನ್ನು ಎತ್ತಿಕೊಂಡು ಅಷ್ಟು ದೂರ ಯಾಕೆ, ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ಹೋಗಿಬನ್ನಿ ಸಾಕು" ಅನ್ನುತ್ತಾರೆ. ಮಗಳು ಶಾಲೆಗೆ ತೋರಿಸಲು ಒಂದು ಡಬ್ಬಿ ತುಂಬ ಚಿಪ್ಪು ತರಬೇಕೆಂದು ಈಗಲೇ ಡಬ್ಬಿ ಎತ್ತಿಟ್ಟಿದ್ದಾಳೆ. ಏನು ಮಾಡೋಣ?

ಉತ್ತರ:

ಹೋಗಿಬನ್ನಿ. ಆದರೆ ಈ ಪಟ್ಟಿ ಹಿಡಿದುಕೊಂಡು ಹೋಗಬೇಡಿ.

ಪಟ್ಟಿಯನ್ನು ಎರಡು ಸಲ ಓದಿದೆ. ಅದರಲ್ಲಿರುವ ಜಾಗಗಳೆಲ್ಲ ಚೆನ್ನಾಗಿಯೇ ಇವೆ. ಮಕ್ಕಳಿಲ್ಲದ ಹೊಸ ಜೋಡಿಗಾದರೆ ನಾನೂ ಹೆಚ್ಚುಕಡಿಮೆ ಇದನ್ನೇ ಬರೆದುಕೊಡುತ್ತಿದ್ದೆ. ಚಿಕ್ಕ ಮಕ್ಕಳಿರುವ ಮನೆಯವರಿಗೆ ಪ್ರವಾಸ ಯೋಜಿಸುವಾಗ ನಾನು ಮೊದಲು ನೋಡುವುದು ಒಂದೇ: ಮಕ್ಕಳು ಸತತವಾಗಿ ಎಷ್ಟು ರಾತ್ರಿ ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ? ನಿಮ್ಮ ಪಟ್ಟಿಯಲ್ಲಿ ಹ್ಯಾವ್‌ಲಾಕ್‌ಗೆ ಒಂದು ರಾತ್ರಿ, ನೀಲ್‌ಗೆ ಒಂದು ರಾತ್ರಿ. ಅಂದರೆ ನೀವು ಯಾವ ಸಮುದ್ರ ನೋಡಲು ಇಷ್ಟು ದೂರ ಹೋಗುತ್ತೀರೋ ಆ ಸಮುದ್ರದ ಪಕ್ಕದಲ್ಲಿ ಒಂದು ಪೂರ್ತಿ ದಿನವೂ ಕೈಗೆ ಸಿಗುವುದಿಲ್ಲ. ಬೆಳಿಗ್ಗೆ ಬ್ಯಾಗ್ ಕಟ್ಟು, ಜೆಟ್ಟಿಯ ಸಾಲಿನಲ್ಲಿ ನಿಲ್ಲು, ದೋಣಿ ಹತ್ತು, ಇಳಿ, ಗಾಡಿ ಹುಡುಕು, ಕೋಣೆ ಸಿಗುವವರೆಗೆ ಕಾಯಿ, ಮರುದಿನ ಮತ್ತೆ ಅದೇ.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನನ್ನ ಮಕ್ಕಳು ಆರು ವರ್ಷ ಮತ್ತು ಎರಡೂವರೆ ವರ್ಷದವರಿದ್ದಾಗ ಇಂಥದೇ ಪಟ್ಟಿಗೆ ಒಪ್ಪಿ ಹೋಗಿದ್ದೆವು. ನಾಲ್ಕನೇ ದಿನ ನೀಲ್ ಜೆಟ್ಟಿಯಲ್ಲಿ ಉರಿಬಿಸಿಲು. ಚಿಕ್ಕವನು ನನ್ನ ಹೆಗಲ ಮೇಲೆ ನಿದ್ದೆ, ಅವನ ಬೆವರಿಗೆ ನನ್ನ ಕುರ್ತಾ ಒದ್ದೆ. ಒಂದು ಕೈಯಲ್ಲಿ ಟಿಕೆಟ್ ಮತ್ತು ಆಧಾರ್, ಇನ್ನೊಂದರಲ್ಲಿ ಚಕ್ರ ಮುರಿದ ಸೂಟ್‌ಕೇಸ್. ಮಗಳು ನನ್ನ ದುಪಟ್ಟಾ ಜಗ್ಗಿ, "ಅಮ್ಮ, ಇವತ್ತು ಎಲ್ಲೂ ಹೋಗೋದು ಬೇಡ, ಇಲ್ಲೇ ಮರಳಲ್ಲಿ ಕೂತ್ಕೊಳ್ಳೋಣ" ಅಂದಳು. ನಾನು ಹುಟ್ಟಿದ್ದೇ ಮಲ್ಪೆಯ ಹತ್ತಿರ, ಮರಳಿನಲ್ಲೇ ಆಡಿ ಬೆಳೆದವಳು. ಮಗುವಿಗೆ ಬೇಕಿದ್ದದ್ದು ಅದೇ ಅಂತ ನನಗೆ ಮೊದಲೇ ಗೊತ್ತಿರಬೇಕಿತ್ತು. ಆ ದಿನದಿಂದ ಸಣ್ಣ ಮಕ್ಕಳಿರುವ ಯಾವ ಕುಟುಂಬಕ್ಕೂ ಆರು ದಿನಕ್ಕೆ ಒಂದಕ್ಕಿಂತ ಹೆಚ್ಚು ದ್ವೀಪದ ವಾಸ್ತವ್ಯ ನಾನು ಬರೆದುಕೊಟ್ಟಿಲ್ಲ.

ಹಾಗಾಗಿ ನಿಮ್ಮ ಪಟ್ಟಿ ಹೀಗಿರಲಿ. ಮೊದಲ ದಿನ ಪೋರ್ಟ್‌ಬ್ಲೇರ್ ತಲುಪಿ ಅಲ್ಲೇ ವಿಶ್ರಾಂತಿ. ಎರಡನೇ ದಿನ ಬೆಳಿಗ್ಗೆ ಹ್ಯಾವ್‌ಲಾಕ್‌ಗೆ ದೋಣಿ. ಅಲ್ಲಿ ಒಂದೇ ಹೋಟೆಲಿನಲ್ಲಿ ಸತತ ಮೂರು ರಾತ್ರಿ. ಐದನೇ ದಿನ ಪೋರ್ಟ್‌ಬ್ಲೇರ್‌ಗೆ ವಾಪಸ್, ಆರನೇ ದಿನ ವಿಮಾನ. ನೀಲ್ ಬೇಡ, ಬಾರಾಟಾಂಗ್ ಬೇಡ. ಹೆಸರಿನ ಬಗ್ಗೆ ಒಂದು ಮಾತು: 2018ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ್, ನೀಲ್‌ಗೆ ಶಹೀದ್ ದ್ವೀಪ್ ಎಂದು ಹೆಸರಾಯಿತು. 2024ರಲ್ಲಿ ಪೋರ್ಟ್‌ಬ್ಲೇರ್ ಶ್ರೀ ವಿಜಯಪುರಂ ಆಯಿತು. ಬಾಯಿಮಾತಿನಲ್ಲಿ ಇನ್ನೂ ಹಳೆಯ ಹೆಸರುಗಳೇ ಓಡುತ್ತವೆ, ನಾನೂ ಅವನ್ನೇ ಬಳಸುತ್ತೇನೆ. ಟಿಕೆಟಿನಲ್ಲಿ ಹೊಸ ಹೆಸರು ಕಂಡರೆ ಗಾಬರಿಯಾಗಬೇಡಿ.

ಬಾರಾಟಾಂಗ್ ಯಾಕೆ ಬೇಡ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಏಜೆಂಟರು ಅದನ್ನು ಬಿಡಲು ಸುಲಭಕ್ಕೆ ಒಪ್ಪುವುದಿಲ್ಲ. ಪೋರ್ಟ್‌ಬ್ಲೇರ್‌ನಿಂದ ಸುಮಾರು 100 ಕಿಲೋಮೀಟರ್. ದಾರಿ ಜಾರವಾ ಬುಡಕಟ್ಟಿನವರ ರಕ್ಷಿತ ಕಾಡಿನ ನಡುವೆ ಹಾದುಹೋಗುತ್ತದೆ. ವಾಹನಗಳನ್ನು ನಿಗದಿತ ಹೊತ್ತಿಗೆ ಮಾತ್ರ ಸಾಲಾಗಿ ಬಿಡುತ್ತಾರೆ. ಬೆಳಗಿನ ಮೊದಲ ಸಾಲು ಹಿಡಿಯಬೇಕಾದರೆ ನಾಲ್ಕು ಗಂಟೆಗೂ ಮುಂಚೆ ಮಕ್ಕಳನ್ನು ಎಬ್ಬಿಸಿ ಹೊರಡಬೇಕು. ಜಿರ್ಕಾಟಾಂಗ್ ಚೆಕ್‌ಪೋಸ್ಟ್ ದಾಟಿದ ಮೇಲೆ ಕಾಡು ಮುಗಿಯುವವರೆಗೆ ಗಾಡಿ ಎಲ್ಲೂ ನಿಲ್ಲಿಸುವಂತಿಲ್ಲ. ಎರಡು ವರ್ಷದ ಮಗು ನಡುದಾರಿಯಲ್ಲಿ ವಾಂತಿ ಮಾಡಿದರೆ, ಐದು ವರ್ಷದವಳಿಗೆ ಒಂದಕ್ಕೆ ಬಂದರೆ ಏನು ಮಾಡುತ್ತೀರಿ? ಆಚೆ ಇಳಿದ ಮೇಲೆ ಸುಣ್ಣದಕಲ್ಲಿನ ಗುಹೆ ನೋಡಲು ಸ್ಪೀಡ್‌ಬೋಟ್, ಅದರ ಮೇಲೆ ಏರುತಗ್ಗಿನ ಕಾಲುದಾರಿ. ನಿಮ್ಮ ಅತ್ತೆಯವರ ಮಂಡಿಗೆ ಅದು ಆಗದು. ಇದೆಲ್ಲಕ್ಕಿಂತ ನನಗೆ ಮುಖ್ಯವಾದದ್ದು ಇನ್ನೊಂದಿದೆ. ಆ ರಸ್ತೆಯಲ್ಲಿ ಹೋಗುವ ಬಹಳಷ್ಟು ಗಾಡಿಗಳಲ್ಲಿ "ಜಾರವಾ ಕಾಣಿಸ್ತಾರಾ" ಅಂತ ಕಿಟಕಿಗೆ ಮುಖ ಅಂಟಿಸಿ ಕೂತವರಿರುತ್ತಾರೆ. ಅವರ ಫೋಟೊ ತೆಗೆಯುವುದು ಅಪರಾಧ. ಮನುಷ್ಯರನ್ನು ಮೃಗಾಲಯದಲ್ಲಿ ನೋಡಿದ ಹಾಗೆ ನೋಡುವುದನ್ನು ಮಕ್ಕಳಿಗೆ ನಾವು ಕಲಿಸಬಾರದು. ನಾನಂತೂ ಆ ಪ್ರವಾಸವನ್ನು ಯಾರಿಗೂ ಬರೆದುಕೊಡುವುದಿಲ್ಲ.

ಈಗ ಯಜಮಾನರ ಟಿಕೆಟ್ ಲೆಕ್ಕ. ಎರಡು ವರ್ಷದೊಳಗಿನ ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡರೆ ವಿಮಾನದವರು ಸಣ್ಣ ಶುಲ್ಕ ಮಾತ್ರ ತೆಗೆದುಕೊಳ್ಳುತ್ತಾರೆ, ಎರಡು ತುಂಬಿದ ಮೇಲೆ ಪೂರ್ತಿ ಸೀಟು ಕೊಳ್ಳಬೇಕು ಎಂಬುದು ನಿಜ. ವಯಸ್ಸನ್ನು ಪ್ರಯಾಣದ ದಿನಕ್ಕೆ ಲೆಕ್ಕ ಹಿಡಿಯುತ್ತಾರೆ. ಆದರೆ ಕ್ರಿಸ್‌ಮಸ್ ವಾರದಲ್ಲಿ ಅಂಡಮಾನ್‌ಗೆ ವಿಮಾನ, ಹೋಟೆಲು ಎರಡೂ ವರ್ಷದಲ್ಲೇ ದುಬಾರಿ. ಮಡಿಲ ಮಗುವಿನ ಟಿಕೆಟ್ಟಿನಲ್ಲಿ ಉಳಿಸಿದ್ದು ದೊಡ್ಡವರ ಟಿಕೆಟ್ಟು, ಕೋಣೆ ಬಾಡಿಗೆಯಲ್ಲೇ ಕೈಬಿಟ್ಟು ಹೋಗುತ್ತದೆ. ಎರಡು ವರ್ಷ ಹತ್ತಿರವಾದ ಮಗುವನ್ನು ಎರಡೂವರೆ ಗಂಟೆ ಮಡಿಲಲ್ಲಿ ಹಿಡಿದು ಕೂರುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು.

ಹವಾಮಾನವನ್ನೂ ನೋಡಿ. ಅಂಡಮಾನ್‌ಗೆ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು. ಅದರ ಬೆನ್ನಿಗೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯದ ಗಾಳಿಮಳೆ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಹುಟ್ಟುವ ಕಾಲ. 2016ರ ಡಿಸೆಂಬರ್ ಮೊದಲ ವಾರದಲ್ಲಿ ವಾಯುಭಾರ ಕುಸಿತದಿಂದ ದೋಣಿಗಳೆಲ್ಲ ನಿಂತು ಹ್ಯಾವ್‌ಲಾಕ್, ನೀಲ್‌ಗಳಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡರು. ಅವರನ್ನು ಕರೆತರಲು ನೌಕಾಪಡೆಯ ಹಡಗುಗಳು ಹೋಗಬೇಕಾಯಿತು. ಪ್ರತಿ ಡಿಸೆಂಬರಿನಲ್ಲೂ ಹಾಗಾಗುತ್ತದೆ ಎಂದಲ್ಲ. ಆದರೆ ಸಮುದ್ರ ತಣ್ಣಗೆ ತಟ್ಟೆಯ ಹಾಗೆ ಮಲಗಿರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಇದೇ ಕಾರಣಕ್ಕೆ ದಸರಾ ರಜೆಯೂ ಬೇಡ ಎನ್ನುತ್ತೇನೆ. ಯುಕೆಜಿ ಮಗು ಫೆಬ್ರವರಿಯಲ್ಲಿ ನಾಲ್ಕು ದಿನ ಶಾಲೆ ತಪ್ಪಿಸಿದರೆ ಏನೂ ಹಾಳಾಗದು. ಒಂದನೇ ಕ್ಲಾಸಿಗೆ ಸೇರಿದ ಮೇಲೆ ಆ ಸ್ವಾತಂತ್ರ್ಯ ಇರುವುದಿಲ್ಲ, ಈಗಲೇ ಬಳಸಿಕೊಳ್ಳಿ.

ವಿಮಾನ ಇಳಿಯತೊಡಗಿದಾಗ ಕೂಸಿಗೆ ಹಾಲೋ ನೀರೋ ಕುಡಿಸುತ್ತಿರಿ, ದೊಡ್ಡವಳ ಬಾಯಿಗೆ ಒಂದು ಪೆಪ್ಪರ್‌ಮಿಂಟ್ ಕೊಡಿ. ನುಂಗುತ್ತಿದ್ದರೆ ಕಿವಿ ಕಟ್ಟುವುದಿಲ್ಲ. ಮಗುವಿಗೆ ಜೋರು ನೆಗಡಿಯಾಗಿದ್ದರೆ ಮಾತ್ರ ಹೊರಡುವ ಮುನ್ನ ಡಾಕ್ಟರಿಗೆ ತೋರಿಸಿ.

ದೋಣಿಯ ವಿಷಯಕ್ಕೆ ಬರೋಣ, ತಾಯಂದಿರು ಹೆಚ್ಚು ಹೆದರುವುದು ಇದಕ್ಕೇ. ಪೋರ್ಟ್‌ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ವೇಗದ ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆ. ಸರಕಾರಿ ದೋಣಿ ಅಗ್ಗ, ಎರಡೂವರೆ ಗಂಟೆಯಷ್ಟು ಹಿಡಿಯುತ್ತದೆ. ಖಾಸಗಿಯದು ಮುಚ್ಚಿದ ಎಸಿ ಹಾಲಿನಂತಿರುತ್ತದೆ. ಚಳಿ ಹೆಚ್ಚು, ಮಕ್ಕಳಿಗೆ ತೆಳು ಸ್ವೆಟರ್ ಕೈಚೀಲದಲ್ಲೇ ಇರಲಿ. ಟಿಕೆಟ್ ಕೊಳ್ಳುವಾಗ ಕೆಳಗಿನ ಅಂತಸ್ತಿನಲ್ಲಿ, ದೋಣಿಯ ನಡುಭಾಗ ಅಥವಾ ಸ್ವಲ್ಪ ಹಿಂದೆ ಸೀಟು ಕೇಳಿ. ಮುಂದಿನ ತುದಿ ಏತದಂತೆ ಏರಿಳಿಯುತ್ತದೆ, ನಡುವೆ ಅಷ್ಟಿರುವುದಿಲ್ಲ. ಎರಡು ವರ್ಷದೊಳಗಿನ ಕೂಸುಗಳಿಗೆ ಪ್ರಯಾಣದ ವಾಕರಿಕೆ ಬರುವುದು ಅಪರೂಪ, ಆಮೇಲಿನ ವಯಸ್ಸಿನಿಂದ ಹನ್ನೆರಡರವರೆಗೆ ಹೆಚ್ಚು. ಹಾಗಾಗಿ ನಿಮ್ಮ ಚಿಂತೆ ಮಗನಿಗಿಂತ ಮಗಳ ಬಗ್ಗೆ ಇರಬೇಕು. ಹೊರಡುವ ಒಂದು ಗಂಟೆ ಮೊದಲು ಒಂದೋ ಎರಡೋ ಬರೀ ಇಡ್ಲಿ ಅಥವಾ ಬಾಳೆಹಣ್ಣು ಕೊಡಿ. ಹಾಲು, ಎಣ್ಣೆ ತಿಂಡಿ ಬೇಡ, ಹಾಗೆಂದು ಖಾಲಿ ಹೊಟ್ಟೆಯೂ ಬೇಡ. ಮೊಬೈಲ್ ಕೈಗೆ ಕೊಡಲೇಬೇಡಿ. ಕಣ್ಣು ಅಲುಗದ ಪರದೆಯನ್ನು ನೋಡುತ್ತಿದ್ದು ಮೈ ಅಲುಗುತ್ತಿದ್ದರೆ ತಲೆ ತಿರುಗುತ್ತದೆ. ಕಿಟಕಿಯ ಪಕ್ಕ ಕೂರಿಸಿ, ದೂರದಲ್ಲಿ ನೀರು ಆಕಾಶ ಕೂಡುವ ಗೆರೆಯನ್ನು ನೋಡಿಸಿ, ಹಾರುವ ಮೀನು ಕಾಣುತ್ತದಾ ಅಂತ ಎಣಿಸಲು ಹೇಳಿ. ನಾಲ್ಕೈದು ಪ್ಲಾಸ್ಟಿಕ್ ಕವರ್, ಒಂದು ಜೊತೆ ಬಟ್ಟೆ, ಒದ್ದೆ ಒರೆಸುವ ಬಟ್ಟೆ ನಿಮ್ಮ ಮಡಿಲಲ್ಲೇ ಇರಲಿ, ಮೇಲಿನ ಲಗೇಜಿನಲ್ಲಿ ಬೇಡ. ಬಸ್ಸಿಗೆ ದೊಡ್ಡವರು ನುಂಗುವ ವಾಂತಿ ಮಾತ್ರೆಯ ಅರ್ಧ ಮುರಿದು ಮಕ್ಕಳಿಗೆ ಕೊಡುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಆವೊಮಿನ್‌ನಂಥ ಮಾತ್ರೆಗಳಲ್ಲಿರುವ ಔಷಧ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟಕ್ಕೆ ಅಪಾಯ. ಮಗಳಿಗೆ ಬೇಕೇ, ಎಷ್ಟು ಬೇಕು ಎಂಬುದನ್ನು ನಿಮ್ಮ ಮಕ್ಕಳ ಡಾಕ್ಟರ್ ತೂಕ ನೋಡಿ ಬರೆದುಕೊಡಲಿ.

ವಾಪಸ್ ದೋಣಿ ಮಾತ್ರ ವಿಮಾನದ ಹಿಂದಿನ ದಿನವೇ ಇರಬೇಕು. ಇದರಲ್ಲಿ ರಾಜಿ ಬೇಡ. ಗಾಳಿ ಜೋರಾದರೆ ಬಂದರಿನವರು ದೋಣಿ ನಿಲ್ಲಿಸುತ್ತಾರೆ, ನಿಲ್ಲಿಸುವುದೇ ಸರಿ. ಅದೇ ದಿನ ಮಧ್ಯಾಹ್ನ ವಿಮಾನ ಇಟ್ಟುಕೊಂಡವರ ಪಾಡು ಜೆಟ್ಟಿಯಲ್ಲಿ ನೋಡಲಾಗುವುದಿಲ್ಲ.

ಹ್ಯಾವ್‌ಲಾಕ್‌ನಲ್ಲಿ ಕೋಣೆ ಎಲ್ಲಿ ಹಿಡಿಯಬೇಕು? ಹೆಚ್ಚಿನ ಹೋಟೆಲುಗಳು ಪೂರ್ವದ ದಂಡೆಯ ಗೋವಿಂದನಗರ, ವಿಜಯನಗರದ ಕಡೆ ಇವೆ. ಕೋಣೆ ನೆಲ ಅಂತಸ್ತಿನಲ್ಲೇ ಇರಲಿ, ಅತ್ತೆಯವರಿಗೆ ಮೆಟ್ಟಿಲು ತಪ್ಪುತ್ತದೆ. ಬಾಗಿಲಿಂದ ಹತ್ತು ಹೆಜ್ಜೆಗೆ ಮರಳು, ನೆರಳಿಗೆ ಮರ, ಅಡುಗೆಮನೆಯವರು ಹೊತ್ತಲ್ಲದ ಹೊತ್ತಿನಲ್ಲೂ ಬಿಸಿನೀರು, ಮೆತ್ತನೆ ಅನ್ನ ಕೊಡುತ್ತಾರಾ ಎಂದು ಫೋನಿನಲ್ಲೇ ಕೇಳಿ. ಇದು ಈಜುಕೊಳಕ್ಕಿಂತ ಮುಖ್ಯ. ಊಟದ ಬಗ್ಗೆ ಹೆದರಬೇಡಿ. ಹ್ಯಾವ್‌ಲಾಕ್‌ನ ಹಳ್ಳಿಗಳಲ್ಲಿ ಹೆಚ್ಚಿನವರು 1950ರ ದಶಕದಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಬಂಗಾಳಿ ನಿರಾಶ್ರಿತರ ಮನೆಯವರು. ಹಾಗಾಗಿ ಅನ್ನ, ಬೇಳೆ, ಮೀನು ಅವರ ನಿತ್ಯದ ಊಟ. ಸಸ್ಯಾಹಾರಿಗಳಾದರೂ ತೊಂದರೆಯಿಲ್ಲ. ಪೋರ್ಟ್‌ಬ್ಲೇರ್‌ನಲ್ಲಿ ತಮಿಳರು, ತೆಲುಗರು ಬಹಳ ಇರುವುದರಿಂದ ಇಡ್ಲಿ, ದೋಸೆ ಸಿಗುತ್ತದೆ. ಕೂಸಿಗೆ ಮನೆಯಲ್ಲೇ ಮಾಡಿದ ರಾಗಿ ಸರಿ ಹಿಟ್ಟು, ಒಂದು ಡಬ್ಬಿ ತೆಳು ಅವಲಕ್ಕಿ, ತುಪ್ಪದ ಸಣ್ಣ ಬಾಟಲಿ ಇದ್ದರೆ ಯಾವ ಹೊತ್ತಿಗೂ ನೀವು ಯಾರ ಮುಂದೂ ಕೈಚಾಚಬೇಕಾಗಿಲ್ಲ. ಎಳನೀರು ಬೀದಿಬೀದಿಯಲ್ಲಿದೆ. ಹ್ಯಾವ್‌ಲಾಕ್‌ನಲ್ಲಿ ಎಟಿಎಂ ಕಡಿಮೆ, ಪೋರ್ಟ್‌ಬ್ಲೇರ್‌ನಲ್ಲೇ ಸ್ವಲ್ಪ ನಗದು ತೆಗೆದಿಟ್ಟುಕೊಳ್ಳಿ.

ದಿನ ಹೇಗೆ ಕಳೆಯಬೇಕು ಎಂಬುದನ್ನು ಅಲ್ಲಿನ ಸೂರ್ಯನೇ ಹೇಳಿಕೊಡುತ್ತಾನೆ. ಅಂಡಮಾನ್ ನಮ್ಮಿಂದ ಎಷ್ಟು ಪೂರ್ವಕ್ಕಿದೆಯೆಂದರೆ, ಗಡಿಯಾರ ಒಂದೇ ಆದರೂ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಬೆಳಕು ಹರಿಯುತ್ತದೆ, ಅಷ್ಟೇ ಮೊದಲು ಕತ್ತಲಾಗುತ್ತದೆ. ಫೆಬ್ರವರಿಯಲ್ಲಿ ಆರು ಗಂಟೆಗೆಲ್ಲ ಚೆನ್ನಾಗಿ ಬೆಳಕು, ಸಂಜೆ ಐದೂವರೆಗೆ ಸೂರ್ಯ ಮುಳುಗುವ ಹೊತ್ತು. ದೊಡ್ಡವರಿಗೆ ಇದು ವಿಚಿತ್ರ ಅನ್ನಿಸಬಹುದು, ಸಣ್ಣ ಮಕ್ಕಳ ಮನೆಗೆ ವರ. ಕೂಸುಗಳು ಹೇಗೂ ಬೆಳಕಿಗೆ ಏಳುತ್ತವೆ. ಆರರಿಂದ ಒಂಬತ್ತೂವರೆವರೆಗೆ ನೀರು, ಮರಳು. ಬಿಸಿಲೇರಿದ ಮೇಲೆ ಸ್ನಾನ, ಊಟ, ಕೋಣೆಯಲ್ಲಿ ಗಡದ್ದು ನಿದ್ದೆ. ಮೂರೂವರೆಗೆ ಮತ್ತೆ ಹೊರಗೆ. ಏಳಕ್ಕೆ ಊಟ, ಎಂಟಕ್ಕೆ ಇಬ್ಬರೂ ನಿದ್ದೆ. ನಡುಮಧ್ಯಾಹ್ನದ ಬಿಸಿಲಿಗೆ ಯಾರ ಮಾತು ಕೇಳಿಯೂ ಮಕ್ಕಳನ್ನು ಇಳಿಸಬೇಡಿ.

ಇನ್ನೊಂದು, ಘಟ್ಟದ ಮೇಲಿನವರು ಸಾಮಾನ್ಯವಾಗಿ ಗಮನಿಸದ ಸಂಗತಿ: ಉಬ್ಬರ, ಇಳಿತ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು. ವಿಜಯನಗರದ ದಂಡೆಯಲ್ಲಿ ಉಬ್ಬರದ ಹೊತ್ತಿಗೆ ನೀರು ಮರದ ಬುಡದವರೆಗೆ ಬಂದು ಕೊಳದಂತೆ ನಿಂತಿರುತ್ತದೆ. ಅದೇ ಜಾಗ ಇಳಿತದಲ್ಲಿ ಚೂಪು ಹವಳಕಲ್ಲುಗಳ ಬಯಲು. ಬರಿಗಾಲಿನ ಮಗು ನಾಲ್ಕು ಹೆಜ್ಜೆ ಇಡಲಾರದು. "ಹೋಟೆಲಿನ ಬೀಚ್ ಚೆನ್ನಾಗಿರಲಿಲ್ಲ" ಎಂದು ಬಂದು ಹೇಳುವವರಲ್ಲಿ ಅರ್ಧ ಜನ ಇಳಿತದ ಹೊತ್ತಿಗೆ ನೋಡಿ ಬಂದವರು. ಹೋದ ದಿನವೇ ಹೋಟೆಲಿನವರ ಹತ್ತಿರ ಆ ಮೂರು ದಿನದ ಉಬ್ಬರದ ವೇಳೆ ಬರೆಸಿಕೊಂಡು ಬಾಗಿಲ ಹಿಂದೆ ಅಂಟಿಸಿ. ಮಕ್ಕಳ ಕಾಲಿಗೆ ರಬ್ಬರ್ ಅಟ್ಟೆಯ ನೀರಿನ ಬೂಟು ಇರಲಿ, ಚಪ್ಪಲಿ ನೀರಲ್ಲಿ ನಿಲ್ಲುವುದಿಲ್ಲ.

ಇಳಿತದ ಹೊತ್ತು ವ್ಯರ್ಥ ಅಂತಲೂ ಅಲ್ಲ. ನೀರು ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ಸುಮ್ಮನೆ ನೋಡಿ. ಸಾಸಿವೆಗಿಂತ ಚೂರು ದೊಡ್ಡ ಮರಳಿನ ಉಂಡೆಗಳು ಸೂರ್ಯನ ಕಿರಣದಂತೆ ಸಾಲುಸಾಲಾಗಿ ಹರಡಿರುತ್ತವೆ, ನಡುವೆ ಒಂದು ತೂತು. ಅಲುಗಾಡದೆ ಎರಡು ನಿಮಿಷ ಇದ್ದರೆ ಉಗುರಿನಷ್ಟು ಏಡಿ ಹೊರಬರುತ್ತದೆ. ಮರಳನ್ನು ಬಾಯಿಗೆ ತುಂಬಿಕೊಂಡು, ಅದರಲ್ಲಿನ ಆಹಾರ ಹೀರಿ, ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ಎಸೆಯುತ್ತದೆ. ನೆರಳು ಬಿದ್ದರೆ ಸಾಕು, ಮಾಯ. ನನ್ನ ಮಗ ಆ ವಯಸ್ಸಿನಲ್ಲಿ ಒಂದು ಆಟಿಕೆಯನ್ನು ಐದು ನಿಮಿಷ ಹಿಡಿದು ಆಡಿದವನಲ್ಲ. ಈ ಏಡಿಯ ಮುಂದೆ ಅರ್ಧ ಗಂಟೆ ಉಸಿರು ಬಿಗಿಹಿಡಿದು ಕೂತಿದ್ದ. ಮುಂದಿನ ಉಬ್ಬರಕ್ಕೆ ಆ ಚಿತ್ರವೆಲ್ಲ ಅಳಿಸಿಹೋಗಿತ್ತು. ಮರುದಿನ ಏಳುತ್ತಲೇ "ಏಡಿ ಮತ್ತೆ ಬರೆದಿರುತ್ತಾ" ಅಂತ ಕೇಳಿದ. ಇದಕ್ಕೆ ಟಿಕೆಟ್ ಇಲ್ಲ, ಏಜೆಂಟರ ಪಟ್ಟಿಯಲ್ಲಿ ಹೆಸರೂ ಇಲ್ಲ. ಇದು ಸಿಗುವುದು ಒಂದೇ ದಂಡೆಯಲ್ಲಿ ಮೂರು ದಿನ ಉಳಿದವರಿಗೆ.

ಒಂದು ಸಂಜೆ ರಾಧಾನಗರ ಬೀಚಿಗೆ ಹೋಗಲೇಬೇಕು. ಜೆಟ್ಟಿಯಿಂದ ಹನ್ನೆರಡು ಕಿಲೋಮೀಟರ್, ದ್ವೀಪದ ಪಶ್ಚಿಮ ದಂಡೆ. ಹಿಂದೆ ಎತ್ತರದ ಕಾಡುಮರಗಳು, ಮುಂದೆ ಮೆತ್ತನೆ ಬಿಳಿ ಮರಳು. ಕಲ್ಲಿಲ್ಲದ್ದರಿಂದ ಮಕ್ಕಳಿಗೆ ಎಲ್ಲಕ್ಕಿಂತ ಒಳ್ಳೆಯ ಜಾಗ. 2020ರಲ್ಲಿ ನಮ್ಮ ಪಡುಬಿದ್ರಿ, ಕಾಸರಕೋಡಿನ ಜೊತೆಗೇ ಇದಕ್ಕೂ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಲೈಫ್‌ಗಾರ್ಡ್ ಇದ್ದಾರೆ. ಮೂರೂವರೆಗೆ ಹೋಗಿ, ಸೂರ್ಯ ಮುಳುಗಿದ ಕೂಡಲೇ ಹೊರಡಿ.

ನೀರಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮುಳುಗುವ ಮಗು ಕೂಗುವುದಿಲ್ಲ, ಕೈ ಬಡಿಯುವುದಿಲ್ಲ. ಸದ್ದಿಲ್ಲದೆ ಕೆಳಗೆ ಹೋಗುತ್ತದೆ, ಮೊಣಕಾಲುದ್ದದ ನೀರಿನಲ್ಲೂ ಹೋಗುತ್ತದೆ. ಕರಾವಳಿಯಲ್ಲಿ ಬೆಳೆದ ನಾನು ಇದನ್ನು ಹಗುರವಾಗಿ ಹೇಳುತ್ತಿಲ್ಲ. ಇಬ್ಬರು ಮಕ್ಕಳಿಗೆ ಇಬ್ಬರು ದೊಡ್ಡವರು, ಕೈಚಾಚಿದರೆ ಮಗು ಸಿಗುವಷ್ಟು ಹತ್ತಿರ, ಆ ಹೊತ್ತಿಗೆ ಕೈಯಲ್ಲಿ ಫೋನಿಲ್ಲ. "ಎಲ್ಲರೂ ಇದ್ದೇವಲ್ಲ" ಅನ್ನುವಲ್ಲೇ ಯಾರೂ ನೋಡುತ್ತಿರುವುದಿಲ್ಲ. ಹಾಗಾಗಿ "ಈಗ ಪುಟ್ಟನನ್ನು ನೀವು ನೋಡ್ಕೊಳ್ಳಿ" ಅಂತ ಬಾಯಿಬಿಟ್ಟು ಹೇಳಿ ಒಪ್ಪಿಸಿ. ಅತ್ತೆಯವರ ಮೇಲೆ ನೀರಿನಲ್ಲಿರುವ ಮಗುವಿನ ಜವಾಬ್ದಾರಿ ಹಾಕಬೇಡಿ, ಮಂಡಿ ನೋವಿನವರು ಓಡಲಾರರು. ಗಾಳಿ ತುಂಬುವ ಬಾತುಕೋಳಿ, ಟ್ಯೂಬು ತರಬೇಡಿ, ಗಾಳಿಗೆ ಅವು ಮಗುವಿನ ಸಮೇತ ಆಚೆ ತೇಲುತ್ತವೆ. ಮಕ್ಕಳ ತೂಕಕ್ಕೆ ಸರಿಹೊಂದುವ ಲೈಫ್‌ಜಾಕೆಟ್ ಊರಿನಿಂದಲೇ ಒಯ್ಯಿರಿ, ಸಣ್ಣ ದೋಣಿಗಳಲ್ಲಿ ಕೊಡುವವು ಬಹುಪಾಲು ದೊಡ್ಡವರ ಅಳತೆಯವು.

ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ರಾಧಾನಗರದ ಹತ್ತಿರವೇ ಒಬ್ಬ ವಿದೇಶಿ ಪ್ರವಾಸಿ ಮೊಸಳೆಗೆ ಬಲಿಯಾದರು. ಹೆದರಿ ಮನೆಯಲ್ಲಿ ಕೂರುವಷ್ಟು ಅದು ಆಗಾಗ ನಡೆಯುವುದಲ್ಲ, ಮರೆಯುವಂಥದ್ದೂ ಅಲ್ಲ. ಲೈಫ್‌ಗಾರ್ಡ್ ತೋರಿಸಿದ ಜಾಗದಲ್ಲಷ್ಟೇ ಇಳಿಯಿರಿ. ತೊರೆ ಬಂದು ಸಮುದ್ರ ಸೇರುವ ಬಾಯಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚು, ನಸುಗತ್ತಲ ಹೊತ್ತು, ಈ ಮೂರರಿಂದ ದೂರ ಇರಿ. ಫಲಕ ಹಾಕಿದ್ದರೆ ಫಲಕದ ಮಾತೇ ಕೊನೆ.

ಮೊಸಳೆಗಿಂತ ನಿಮ್ಮನ್ನು ನಿಜವಾಗಿ ಕಾಡುವುದು ಮರಳು ನೊಣ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಬೆಳಿಗ್ಗೆ ಸಂಜೆ ಮರಳಿನ ಮೇಲೆ ಕೂತವರ ಕಾಲಿಗೆ ಕಚ್ಚುತ್ತದೆ. ಮರುದಿನದಿಂದ ಕೆಂಪು ಗುಳ್ಳೆ, ವಾರಗಟ್ಟಲೆ ತುರಿಕೆ. ಮಕ್ಕಳು ಕೆರೆದು ಹುಣ್ಣು ಮಾಡಿಕೊಳ್ಳುತ್ತಾರೆ. ಮರಳಿನ ಮೇಲೆ ಚಾಪೆ ಹಾಸಿ ಕೂರಿಸಿ, ತೆಳು ಪೂರ್ತಿ ತೋಳಿನ ಬಟ್ಟೆ ಹಾಕಿ, ಉಗುರು ಕತ್ತರಿಸಿಯೇ ಹೊರಡಿ, ಕ್ಯಾಲಮೈನ್ ಬಾಟಲಿ ಜೊತೆಗಿರಲಿ.

ಔಷಧದ ಚೀಲದಲ್ಲಿ ಥರ್ಮಾಮೀಟರ್, ಜ್ವರದ ಸಿರಪ್, ಓಆರ್‌ಎಸ್ ಇದ್ದರೆ ಹೆಚ್ಚಿನದಕ್ಕೆ ಸಾಕು. ಸಿರಪ್ಪಿನ ಪ್ರಮಾಣವನ್ನು ಇಬ್ಬರು ಮಕ್ಕಳ ಇಂದಿನ ತೂಕಕ್ಕೆ ಡಾಕ್ಟರಿಂದ ಬೇರೆಬೇರೆಯಾಗಿ ಬರೆಸಿ, ಬಾಟಲಿಗೇ ಅಂಟಿಸಿ. ಓಆರ್‌ಎಸ್ ಬೆರೆಸುವಲ್ಲಿ ತಪ್ಪು ಮಾಡುವವರು ಬಹಳ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಅದನ್ನು ಒಂದು ಲೋಟಕ್ಕೆ ಸುರಿದು ಕುಡಿಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಒಂದು ಲೀಟರ್ ನೀರಿನ ಬಾಟಲಿ ತೆರೆದು ಪೂರ್ತಿ ಪೊಟ್ಟಣ ಅದರೊಳಗೆ ಹಾಕಿ ಕಲಕಿ, ಚಮಚದಲ್ಲಿ ಸ್ವಲ್ಪಸ್ವಲ್ಪ ಕುಡಿಸಿ, ಒಂದು ದಿನ ಕಳೆದ ಮೇಲೆ ಚೆಲ್ಲಿ. ಹ್ಯಾವ್‌ಲಾಕ್‌ನಲ್ಲಿ ಸರಕಾರಿ ಆರೋಗ್ಯ ಕೇಂದ್ರ ಇದೆ, ದೊಡ್ಡದಕ್ಕೆ ಪೋರ್ಟ್‌ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆ. ರಾತ್ರಿ ಪ್ರವಾಸಿ ದೋಣಿಗಳು ಓಡುವುದಿಲ್ಲ. ಆದ್ದರಿಂದ ಮಗು ಮಂಕಾಗಿ ಹಾಲು ನೀರು ಬಿಟ್ಟರೆ, ಆರು ಗಂಟೆಯಾದರೂ ಮೂತ್ರ ಮಾಡದಿದ್ದರೆ, "ಸಂಜೆವರೆಗೆ ನೋಡೋಣ" ಅನ್ನದೆ ಹಗಲಲ್ಲೇ ತೋರಿಸಿ.

ಯಜಮಾನರ ಸ್ಕೂಬಾಕ್ಕೆ ಒಂದು ಬೆಳಿಗ್ಗೆ ಕೊಟ್ಟುಬಿಡಿ. ಬೆಳಗಿನ ಮೊದಲ ತಂಡದಲ್ಲಿ ಹೋದರೆ ಹತ್ತು ಗಂಟೆಗೆಲ್ಲ ವಾಪಸ್. ಸಾಮಾನ್ಯವಾಗಿ ಹತ್ತು ವರ್ಷ ತುಂಬದವರನ್ನು ಸ್ಕೂಬಾಕ್ಕೆ ಇಳಿಸುವುದಿಲ್ಲ, ಮಗಳಿಗೆ ಮೊದಲೇ ಹೇಳಿಡಿ. ಪ್ರತಿಯಾಗಿ ಇನ್ನೊಂದು ಬೆಳಿಗ್ಗೆ ಅವರು ಇಬ್ಬರನ್ನೂ ನೋಡಿಕೊಳ್ಳಲಿ, ನೀವು ಒಬ್ಬರೇ ಕಾಲಾಪತ್ಥರ್ ದಂಡೆಯಲ್ಲಿ ಒಂದು ಗಂಟೆ ನಡೆದು ಬನ್ನಿ. ನಿಮ್ಮ ಪತ್ರದಲ್ಲಿ ಎಲ್ಲರ ಆಸೆಯೂ ಇದೆ, ನಿಮ್ಮದು ಮಾತ್ರ ಬರೆದಿಲ್ಲ.

ಐದನೇ ದಿನ ಪೋರ್ಟ್‌ಬ್ಲೇರ್‌ಗೆ ಬಂದ ಮೇಲೆ ಸೆಲ್ಯುಲರ್ ಜೈಲು ಅತ್ತೆಯವರಿಗೆ ತೋರಿಸಲೇಬೇಕಾದದ್ದು. 1906ರಲ್ಲಿ ಕಟ್ಟಿ ಮುಗಿದ ಜೈಲಿಗೆ ಏಳು ಕೈಗಳಿದ್ದವು, ಈಗ ಉಳಿದಿರುವುದು ಮೂರು. ಸಂಜೆಯ ಧ್ವನಿ-ಬೆಳಕಿನ ಪ್ರದರ್ಶನಕ್ಕೆ ಅತ್ತೆ, ಯಜಮಾನರು ಹೋಗಲಿ. ಕತ್ತಲಲ್ಲಿ ಚಾಟಿಯ ಸದ್ದು, ಕೂಗು ಕೇಳಿ ಐದು ವರ್ಷದ ಮಗು ರಾತ್ರಿ ಬೆಚ್ಚುತ್ತದೆ. ಮಕ್ಕಳಿಗೆ ಮಧ್ಯಾಹ್ನ ರಾಸ್ ದ್ವೀಪ ಸಾಕು. ಸಣ್ಣ ದೋಣಿ ಪ್ರಯಾಣ, ಹಳೆಯ ಬ್ರಿಟಿಷ್ ಗೋಡೆಗಳನ್ನು ಅಪ್ಪಿಹಿಡಿದ ಮರದ ಬೇರುಗಳು, ಕೈಹತ್ತಿರ ಬರುವ ಜಿಂಕೆಗಳು. ನಡೆಯಲಾಗದವರಿಗೆ ಬ್ಯಾಟರಿ ಗಾಡಿ ಇದೆ. ಬುಧವಾರ ರಾಸ್‌ಗೆ ರಜೆ, ಐದನೇ ದಿನ ಬುಧವಾರ ಬೀಳದಂತೆ ಟಿಕೆಟ್ ಮಾಡಿಸಿ.

ನಿಮ್ಮ ತಾಯಿಯವರ ಮಾತನ್ನು ತೆಗೆದುಹಾಕಬೇಡಿ, ಅದರಲ್ಲಿ ಒಳ್ಳೆಯ ದಾರಿಯೊಂದಿದೆ. ಸೇಂಟ್ ಮೇರೀಸ್ ಅಂಡಮಾನ್‌ಗೆ ಬದಲಿಯಲ್ಲ, ಅಲ್ಲಿ ರಾತ್ರಿ ಉಳಿಯುವಂತಿಲ್ಲ. ಆದರೆ ಅಂಡಮಾನ್‌ಗೆ ಮೊದಲು ಮಾಡಬಹುದಾದ ಅಭ್ಯಾಸ ಅದು. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ಡಿಸೆಂಬರ್ ರಜೆಯಲ್ಲಿ ಎರಡು ದಿನ ಮಲ್ಪೆಗೆ ಬನ್ನಿ. ಬೆಳಿಗ್ಗೆ ಮೊದಲ ದೋಣಿ ಹತ್ತಿ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾದ ಕಂಬಗಳು ಪೆನ್ಸಿಲ್ ಕಟ್ಟಿನಂತೆ ನಿಂತಿರುವುದನ್ನು ಮಗಳಿಗೆ ದೂರದಿಂದ ತೋರಿಸಿ. ಬಂಡೆ ಹತ್ತಿಸಬೇಡಿ, ಪಾಚಿ ಜಾರುತ್ತದೆ. ನೆರಳು ಕಡಿಮೆ, ಕುಡಿಯುವ ನೀರು ಜೊತೆಗಿರಲಿ. ಅಷ್ಟರಲ್ಲಿ ನಿಮಗೆ ಬೇಕಾದದ್ದೆಲ್ಲ ಗೊತ್ತಾಗುತ್ತದೆ: ಮಗಳಿಗೆ ದೋಣಿ ಆಗುತ್ತದಾ, ಮಗ ಮರಳು ಕಂಡರೆ ಅಳುತ್ತಾನಾ, ಲೈಫ್‌ಜಾಕೆಟ್ ಹಾಕಿಸಿಕೊಳ್ಳುತ್ತಾನಾ, ಅತ್ತೆಯವರು ದೋಣಿ ಹತ್ತಿ ಇಳಿಯಬಲ್ಲರಾ. ಏನಾದರೂ ತೀರಾ ಆಗದು ಅನ್ನಿಸಿದರೆ ಅಂಡಮಾನ್ ಇನ್ನೆರಡು ವರ್ಷ ಕಾಯಲಿ.

ಇನ್ನು ಮಗಳ ಡಬ್ಬಿ. ಅಂಡಮಾನ್‌ನ ದಂಡೆಗಳಿಂದ ಚಿಪ್ಪು, ಹವಳದ ಚೂರು ಹೆಕ್ಕಿ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ನೋಡಿ ತೆಗೆದಿಡುತ್ತಾರೆ, ಅಲ್ಲಿ ಮಗು ಅಳುವುದನ್ನು ನಾನು ನೋಡಿದ್ದೇನೆ. ಆದ್ದರಿಂದ ಈಗಲೇ ಹೇಳಿ, ಕಾರಣದ ಸಮೇತ ಹೇಳಿ: ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ. ಅದು ಬೆಳೆದ ಹಾಗೆಲ್ಲ ದಂಡೆಯಲ್ಲಿ ಬಿದ್ದ ದೊಡ್ಡ ಖಾಲಿ ಚಿಪ್ಪು ಹುಡುಕಿ ಅದರೊಳಗೆ ಸೇರಿಕೊಳ್ಳುತ್ತದೆ. ನಾವು ಚಿಪ್ಪು ತಂದರೆ ಅದಕ್ಕೆ ಮನೆ ಇಲ್ಲ. ಐದು ವರ್ಷದ ಮಕ್ಕಳಿಗೆ ಇದು ನಾವು ಅಂದುಕೊಳ್ಳುವುದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ. ಆ ಡಬ್ಬಿಯಲ್ಲಿ ಹನ್ನೆರಡು ಬಣ್ಣದ ಕ್ರೇಯಾನ್, ಒಂದು ಸಣ್ಣ ಬಿಳಿ ಹಾಳೆಯ ಪುಸ್ತಕ ಇಟ್ಟುಕೊಡಿ. ಕಂಡ ಚಿಪ್ಪನ್ನೆಲ್ಲ ಅಲ್ಲೇ ಕೂತು ಬರೆದು, ಚಿಪ್ಪನ್ನು ಇದ್ದ ಜಾಗಕ್ಕೇ ಇಟ್ಟು ಬರಲಿ. ಮಧ್ಯಾಹ್ನದ ಬಿಸಿಲಿಗೆ ಕೋಣೆಯಲ್ಲಿ ಮಾಡಲು ಅವಳಿಗೆ ಬಣ್ಣ ತುಂಬುವ ಕೆಲಸವೂ ಸಿಗುತ್ತದೆ.